ಉಡುಪಿಯ ಅಂಗಳದಲ್ಲಿ ಶಾಹಿ ಜೀರಿಗೆ ಬೆಳೆಯುತ್ತದೆಯೇ? ‘ಕಾಳಜೀರಿಗೆ’ ಎಂದರೆ ಯಾವುದು?

ಸಾರಾಂಶ
ಅಂಗಡಿಯ ಶಾಹಿ ಜೀರಿಗೆಯನ್ನು ಕುಂಡದಲ್ಲಿ ಬಿತ್ತಿದರೆ ಮನೆಯಲ್ಲೇ ಜೀರಿಗೆ ಸಿಗುತ್ತದೆ, ಮೆಂತ್ಯ-ಓಮ-ಕಾಳಜೀರಿಗೆ ಪುಡಿ ಸಕ್ಕರೆ ಕಾಯಿಲೆಯನ್ನು ಗುಣಪಡಿಸುತ್ತದೆ ಎಂಬ ಸಂದೇಶಗಳು ವಾಟ್ಸಾಪ್‌ನಲ್ಲಿ ಹರಿದಾಡುತ್ತಿವೆ. ನಾವು ಪರಿಶೀಲಿಸಿದಾಗ ಮೊದಲನೆಯದು ಕರಾವಳಿಗೆ ಹೊಂದುವುದಿಲ್ಲ, ಎರಡನೆಯದಕ್ಕೆ ಆಧಾರವಿಲ್ಲ ಮಾತ್ರವಲ್ಲ, ಅಪಾಯವೂ ಇದೆ ಎಂದು ತಿಳಿದುಬಂದಿದೆ.

ಹೆಸರು ಒಂದೇ, ಬೀಜ ನಾಲ್ಕು
- ಕ್ಯಾರವೇ: ಕಂದು ಬಣ್ಣ, ಬಾಗಿದ ಆಕಾರ, ಮೇಲೆ ತಿಳಿ ಗೀರುಗಳು. ಮೂಲ ಯುರೋಪ್, ಪಶ್ಚಿಮ ಏಷ್ಯಾ.
- ಹಿಮಾಲಯದ ಕಾಲಾ ಜೀರಾ: ತೆಳ್ಳಗೆ, ಕಪ್ಪುಗಂದು. ಹಿಮಾಚಲದ ತಳಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಇದನ್ನೂ ಕ್ಯಾರವೇಯನ್ನೂ ಅಂಗಡಿಯಲ್ಲಿ ‘ಶಾಹಿ ಜೀರಿಗೆ’ ಎಂದೇ ಮಾರುತ್ತಾರೆ.
- ಕರಿಜೀರಿಗೆ (ಕಲೋಂಜಿ): ಅಚ್ಚಗಪ್ಪು, ಮೂಲೆಗಳಿರುವ ಕಾಳು.
- ಕಾಡುಜೀರಿಗೆ: ವಿಪರೀತ ಕಹಿ. ಇದು ಮಸಾಲೆಯಲ್ಲ, ಜೀರಿಗೆಯ ಕುಟುಂಬಕ್ಕೂ ಸೇರಿದ್ದಲ್ಲ, ಸೂರ್ಯಕಾಂತಿಯ ಕುಟುಂಬದ್ದು.

ಇಲ್ಲಿ ಬೆಳೆಯಬಹುದೇ?
ಕ್ಯಾರವೇ ಸಾಮಾನ್ಯವಾಗಿ ಎರಡು ವರ್ಷದ ಗಿಡ. ಮೊದಲ ವರ್ಷ ಎಲೆ ಮತ್ತು ಬೇರು ಮಾತ್ರ. ಕೆಲವು ವಾರಗಳ ಗಟ್ಟಿ ಚಳಿ ಸಿಕ್ಕ ಮೇಲೆ ಎರಡನೇ ವರ್ಷ ಹೂ ಬಿಟ್ಟು ಕಾಳು ಕಟ್ಟುತ್ತದೆ. ಉಡುಪಿ, ಮಣಿಪಾಲ, ಕಾಪುಗಳಲ್ಲಿ ಚಳಿಗಾಲದ ರಾತ್ರಿಯೂ ಉಷ್ಣಾಂಶ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಘಟ್ಟದ ಬುಡದ ಕಾರ್ಕಳದಲ್ಲೂ ಅಂಥ ಚಳಿ ಇಲ್ಲ. ಜೊತೆಗೆ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ, ನೀರು ನಿಂತರೆ ಬೇರು ಕೊಳೆಯುತ್ತದೆ.

ಆದರೂ ಪ್ರಯತ್ನಿಸುವ ಆಸೆಯಿದ್ದರೆ, ಮಳೆ ಮುಗಿದ ಮೇಲೆ ನವೆಂಬರ್‌ನಲ್ಲಿ ಮರಳು ಬೆರೆಸಿದ ಮಣ್ಣಿನ ಆಳವಾದ ಕುಂಡದಲ್ಲಿ ಬಿತ್ತಿ. ಮೊಳಕೆ ನಿಧಾನ. ಎಳೆಯ ಎಲೆಯನ್ನು ಕೊತ್ತಂಬರಿ ಸೊಪ್ಪಿನಂತೆ ಸಾರು, ಸಲಾಡ್‌ಗೆ ಬಳಸಬಹುದು. ಕಾಳಿನ ಆಸೆ ಬೇಡ.

ಹಾಗಾದರೆ ಅಂಗಳಕ್ಕೆ ಯಾವುದು?
ಸಾಂಬಾರಬಳ್ಳಿ, ಅಂದರೆ ದೊಡ್ಡಪತ್ರೆ. ಇದನ್ನೇ ‘ಓಮದ ಗಿಡ’ ಎಂದು ಹಲವರು ಹಂಚಿಕೊಳ್ಳುತ್ತಾರೆ, ಅದು ತಪ್ಪು. ವಾಸನೆ ಹೋಲುತ್ತದೆ ಅಷ್ಟೇ, ಇದು ತುಳಸಿಯ ಕುಟುಂಬದ ಗಿಡ. ಒಂದು ಗೇಣು ಕಡ್ಡಿ ಚುಚ್ಚಿದರೆ ಚಿಗುರುತ್ತದೆ, ಮಳೆಗಾಲದಲ್ಲಿ ಕುಂಡವನ್ನು ಮಾಡಿನ ಅಡಿಗೆ ಸರಿಸಿದರೆ ಸಾಕು. ಎಲೆಯನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಳುಮೆಣಸು, ತೆಂಗಿನತುರಿಯೊಂದಿಗೆ ರುಬ್ಬಿ ಮಜ್ಜಿಗೆ ಸೇರಿಸಿದರೆ ತಂಬುಳಿ.

ಆರೋಗ್ಯದ ಮಾತು ನಿಜವೇ?
ಕ್ಯಾರವೇ ಎಣ್ಣೆಯನ್ನು ಪುದೀನ ಎಣ್ಣೆಯೊಂದಿಗೆ ಕ್ಯಾಪ್ಸೂಲ್ ರೂಪದಲ್ಲಿ ಕೊಟ್ಟಾಗ ಅಜೀರ್ಣ, ಹೊಟ್ಟೆಯುಬ್ಬರ ಕಡಿಮೆಯಾದದ್ದು ಅಧ್ಯಯನಗಳಲ್ಲಿ ಕಂಡಿದೆ. ಸಕ್ಕರೆ ಕಾಯಿಲೆ ಗುಣವಾಗುತ್ತದೆ ಎನ್ನಲು ಆಧಾರವಿಲ್ಲ.

ಫಾರ್ವರ್ಡ್‌ನಲ್ಲಿರುವ ‘ಕಾಳಜೀರಿಗೆ’ ಹೆಚ್ಚಾಗಿ ಕಹಿಯಾದ ಕಾಡುಜೀರಿಗೆ. ಇದನ್ನು ಸೇವಿಸಿದ ನಂತರ ಮೂತ್ರಪಿಂಡಕ್ಕೆ ಹಾನಿಯಾದದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿದೆ. ಇನ್ಸುಲಿನ್ ಅಥವಾ ಮಾತ್ರೆ ನಿಲ್ಲಿಸಿ ಇಂಥ ಪುಡಿಯನ್ನೇ ನಂಬಿದರೆ ಅಪಾಯ ಇಮ್ಮಡಿ. ಮನೆಯ ಹಿರಿಯರು ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಬೈಯದೆ ಕೇಳಿ, ಪುಡಿಯ ಪೊಟ್ಟಣ ಸಮೇತ ವೈದ್ಯರ ಬಳಿ ಕರೆದೊಯ್ಯಿರಿ.

ತೀರ್ಮಾನ
ಶಾಹಿ ಜೀರಿಗೆ ಕರಾವಳಿಯಲ್ಲಿ ಎಲೆ ಕೊಟ್ಟೀತು, ಕಾಳು ಕೊಡುವುದು ಕಷ್ಟ. ‘ಕಾಳಜೀರಿಗೆ’ ಪುಡಿಯಿಂದ ಸಕ್ಕರೆ ಕಾಯಿಲೆ ಗುಣವಾಗುತ್ತದೆ ಎಂಬುದು ಸುಳ್ಳು. ಆ ಸಂದೇಶ ನಿಮಗೂ ಬಂದಿದ್ದರೆ ಮುಂದೆ ಕಳುಹಿಸಬೇಡಿ.