ಕಂಪ್ಯೂಟರ್ ನಿಧಾನವಾಯಿತೆ? ವಯಸ್ಸಿಗಿಂತ ಹೊರೆಯೇ ಕಾರಣ

ಕೊಂಡ ಹೊಸತರಲ್ಲಿ ಗುಂಡಿ ಒತ್ತಿದ ಸ್ವಲ್ಪ ಹೊತ್ತಿಗೇ ಕೆಲಸಕ್ಕೆ ಸಿದ್ಧವಾಗುತ್ತಿದ್ದ ಕಂಪ್ಯೂಟರ್, ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಚಹಾ ಕುಡಿದು ಬರುವಷ್ಟು ಹೊತ್ತು ಕಾಯಿಸತೊಡಗುತ್ತದೆ. ‘ಹಳೇದಾತು, ಹೊಸಾದು ತರೋಣು’ ಎಂಬ ಮಾತು ಮನೆಯಲ್ಲಿ ಏಳುತ್ತದೆ. ರಾಯಬಾಗ ತಾಲ್ಲೂಕಿನ ಪಾಲಬಾವಿಯಂಥ ಊರಿನ ಸಣ್ಣ ರೈತ ಕುಟುಂಬಕ್ಕೆ ಹೊಸ ಕಂಪ್ಯೂಟರ್ ಎಂದರೆ ಕಬ್ಬಿನ ಬಿಲ್ಲಿನಲ್ಲಿ ದೊಡ್ಡದೊಂದು ಪಾಲು. ಅಷ್ಟು ಹಣ ಸುರಿಯುವ ಮುನ್ನ ಯಂತ್ರ ನಿಜಕ್ಕೂ ಮುದಿಯಾಗಿದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಇದಕ್ಕೆ ಉತ್ತರ ಕಂಪ್ಯೂಟರಿನ ಇತಿಹಾಸದಲ್ಲೇ ಇದೆ.

ಪ್ರತಿ ಕಂಪ್ಯೂಟರಿನಲ್ಲೂ ಎರಡು ಬಗೆಯ ಉಗ್ರಾಣಗಳಿವೆ. ಕೈಯಲ್ಲಿರುವ ಕೆಲಸವನ್ನು ಇಟ್ಟುಕೊಳ್ಳುವುದು ರ‍್ಯಾಮ್. ಕರೆಂಟು ಹೋದರೆ ಇದು ಬರಿದಾಗುತ್ತದೆ. ಶಾಶ್ವತವಾಗಿ ಉಳಿಸುವುದು ಡಿಸ್ಕ್. ಐಬಿಎಂ ಕಂಪನಿ 1956ರಲ್ಲಿ ಹೊರತಂದ ರಾಮ್ಯಾಕ್ ಯಂತ್ರದ ಡಿಸ್ಕಿನಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದು, ಅವೆಲ್ಲ ಸೇರಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದು ಮೊಬೈಲಿನ ಒಂದೆರಡು ಫೋಟೊಗಳಿಗೇ ಅಷ್ಟು ಜಾಗ ಬೇಕು.

ಆ ಕಾಲದಲ್ಲಿ ವೇಗದ ಮೆಮೊರಿ ಬಲು ದುಬಾರಿ. 1962ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಉದ್ಘಾಟನೆಗೊಂಡ ಅಟ್ಲಾಸ್ ಕಂಪ್ಯೂಟರಿನ ತಜ್ಞರು ಇದಕ್ಕೊಂದು ಉಪಾಯ ಕಂಡುಹಿಡಿದರು. ವೇಗದ ಮೆಮೊರಿ ತುಂಬಿದಾಗ ಸದ್ಯಕ್ಕೆ ಬೇಡವಾದುದನ್ನು ನಿಧಾನದ ಉಗ್ರಾಣಕ್ಕೆ ಸರಿಸುವುದು, ಬೇಕಾದಾಗ ಮರಳಿ ತರುವುದು. ‘ವರ್ಚುವಲ್ ಮೆಮೊರಿ’ ಎನ್ನುವ ಈ ಉಪಾಯವನ್ನೇ ಇಂದಿನ ಮನೆ ಕಂಪ್ಯೂಟರುಗಳೂ ಅನುಸರಿಸುತ್ತವೆ.

ಆದರೆ ಎರಡು ಉಗ್ರಾಣಗಳ ವೇಗದಲ್ಲಿ ಅಜಗಜಾಂತರವಿದೆ. ರ‍್ಯಾಮ್‌ನಿಂದ ಮಾಹಿತಿ ತರಲು ಒಂದು ಸೆಕೆಂಡು ಬೇಕು ಎಂದು ಭಾವಿಸಿಕೊಂಡರೆ, ಅದೇ ಲೆಕ್ಕದಲ್ಲಿ ತಿರುಗುವ ಹಾರ್ಡ್‌ಡಿಸ್ಕಿನಿಂದ ತರಲು ಒಂದು ದಿನಕ್ಕೂ ಹೆಚ್ಚು ಹಿಡಿಯುತ್ತದೆ! ರ‍್ಯಾಮ್ ಸಾಲದಾದಾಗ ಕಂಪ್ಯೂಟರ್ ಮಾಹಿತಿಯನ್ನು ಒಯ್ಯುವುದರಲ್ಲೂ ತರುವುದರಲ್ಲೂ ದಿನ ಕಳೆಯುತ್ತದೆಯೇ ಹೊರತು ಕೆಲಸ ಸಾಗುವುದಿಲ್ಲ. ಅಮೆರಿಕದ ಪೀಟರ್ ಡೆನ್ನಿಂಗ್ 1968ರಲ್ಲಿ ಈ ‘ಥ್ರ್ಯಾಶಿಂಗ್’ ಸ್ಥಿತಿಯ ಕಾರಣವನ್ನೂ ಪರಿಹಾರವನ್ನೂ ವಿವರಿಸಿದರು. ಕಾಳಿಲ್ಲದ ಹೊಟ್ಟು ತೂರಿದಂತೆ ದುಡಿತ ಬಹಳ, ಫಲ ಸೊನ್ನೆ.

ಹೊಸತರಲ್ಲಿ ಸಾಲುತ್ತಿದ್ದ ರ‍್ಯಾಮ್ ಆಮೇಲೆ ಏಕೆ ಸಾಲದು? ಬೆಳೆದದ್ದು ತಂತ್ರಾಂಶದ ಹಸಿವು. 1995ರ ವಿಂಡೋಸ್ 95ಕ್ಕೆ ಕನಿಷ್ಠ 4 ಮೆಗಾಬೈಟ್ ರ‍್ಯಾಮ್ ಸಾಕಿತ್ತು. 2001ರ ಎಕ್ಸ್‌ಪಿಗೆ 64 ಮೆಗಾಬೈಟ್ ಬೇಕಾಯಿತು. 2021ರ ವಿಂಡೋಸ್ 11 ಕೇಳಿದ್ದು 4 ಗಿಗಾಬೈಟ್, ಅಂದರೆ 26 ವರ್ಷಗಳಲ್ಲಿ ಸುಮಾರು ಸಾವಿರ ಪಟ್ಟು. ಯಂತ್ರಗಳು ವೇಗ ಪಡೆಯುವುದಕ್ಕಿಂತ ಬೇಗನೆ ತಂತ್ರಾಂಶಗಳು ಭಾರವಾಗುತ್ತಿವೆ ಎಂದು ಸ್ವಿಟ್ಜರ್ಲೆಂಡಿನ ವಿಜ್ಞಾನಿ ನಿಕ್ಲಾಸ್ ವಿರ್ತ್ 1995ರಲ್ಲೇ ಎಚ್ಚರಿಸಿದ್ದರು. ಒಂದು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿಗೆ ಮೂರು ಟ್ರೇಲರ್ ಕಬ್ಬು ಕಟ್ಟಿ, ಎಂಜಿನ್ ಕೆಟ್ಟಿತೆಂದರೆ ಹೇಗೆ?

ಹಾಗಾದರೆ ಮಾಡಬೇಕಾದುದೇನು? ಮೊದಲು ಕಾರಣವನ್ನು ಪತ್ತೆಹಚ್ಚಬೇಕು. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ‘ಟಾಸ್ಕ್ ಮ್ಯಾನೇಜರ್’ ತೆರೆಯುತ್ತದೆ. ಪ್ರೊಸೆಸರ್, ಮೆಮೊರಿ, ಡಿಸ್ಕ್ ಈ ಮೂರರಲ್ಲಿ ಯಾವುದು ಸದಾ ನೂರರ ಹತ್ತಿರ ನಿಂತಿದೆ ಎಂದು ನೋಡಬೇಕು. ಕಂಪ್ಯೂಟರ್ ಶುರುವಾದೊಡನೆ ತಾವಾಗಿಯೇ ಏಳುವ ಬೇಡದ ತಂತ್ರಾಂಶಗಳನ್ನು ಅಲ್ಲಿಯೇ ತಡೆಯಬಹುದು. ಇದಕ್ಕೆ ಖರ್ಚಿಲ್ಲ. ಡಿಸ್ಕ್ ತುಂಬಿದ್ದರೆ ಜಾಗ ತೆರವು ಮಾಡಬೇಕು. ವೈರಸ್ ಇದೆಯೇ ಎಂದೂ ಪರೀಕ್ಷಿಸಬೇಕು.

ಎರೆಮಣ್ಣಿನ ಸೀಮೆಯಲ್ಲಿ ಧೂಳಿನದೂ ಒಂದು ಕಾಟ. ಒಳಗಿನ ಫ್ಯಾನಿಗೆ ಧೂಳು ಮೆತ್ತಿದರೆ ಶಾಖ ಏರುತ್ತದೆ. ಸುಟ್ಟುಹೋಗದಿರಲೆಂದು ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಎಷ್ಟೋ ಸಲ ಧೂಳು ತೆಗೆಸುವುದೇ ಮದ್ದು.

ಇಷ್ಟಾದರೂ ಗುಣ ಕಾಣದಿದ್ದರೆ, ಯಂತ್ರದಲ್ಲಿ ಅವಕಾಶವಿದ್ದಲ್ಲಿ ರ‍್ಯಾಮ್ ಹೆಚ್ಚಿಸಿ, ತಿರುಗುವ ಡಿಸ್ಕಿನ ಜಾಗದಲ್ಲಿ ಎಸ್‌ಎಸ್‌ಡಿ ಹಾಕಿಸಬಹುದು. ಮೇಲಿನ ಲೆಕ್ಕದಂತೆ ಒಂದು ದಿನದ ಕೆಲಸ ಇಲ್ಲಿ ಕಾಲು ಗಂಟೆಯ ಆಸುಪಾಸಿಗೆ ಇಳಿಯುತ್ತದೆ.

ನಿಜಕ್ಕೂ ಸವೆಯುವ ಭಾಗವೆಂದರೆ ತಿರುಗುವ ಡಿಸ್ಕ್. ಅದು ಟಕಟಕ ಸದ್ದು ಮಾಡಿದರೆ ಉಳಿದ ಉಪಾಯಗಳನ್ನು ಬದಿಗಿಟ್ಟು ಕಡತಗಳನ್ನು ಬೇರೆಡೆಗೆ ನಕಲು ಮಾಡಿಕೊಳ್ಳಬೇಕು. ಕನ್ನಡಿಗರು ಇನ್ನೊಂದು ವಿಷಯ ಮರೆಯಬಾರದು. 1998ರಲ್ಲಿ ಬಂದ ‘ಬರಹ’, ಆಮೇಲಿನ ‘ನುಡಿ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕಡತಗಳು ಆ ಫಾಂಟಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ಅವನ್ನು ಯೂನಿಕೋಡಿಗೆ ಪರಿವರ್ತಿಸಿಟ್ಟುಕೊಳ್ಳಬೇಕು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಹೀಗಾಗಿ ಸುಸ್ಥಿತಿಯ ಯಂತ್ರಗಳೂ ಮೂಲೆಗುಂಪಾಗುವ ಸಂಭವವಿದೆ. ಇಂಥ ಯಂತ್ರಗಳಿಗೆ ಉಚಿತವಾಗಿ ಸಿಗುವ, ಹಗುರವಾದ ಲಿನಕ್ಸ್ ವ್ಯವಸ್ಥೆಗಳಿವೆ. ಮಕ್ಕಳ ಓದು, ಪತ್ರ ಬರವಣಿಗೆ, ಅರ್ಜಿ ತುಂಬುವಂಥ ಕೆಲಸಗಳಿಗೆ ಅವು ಧಾರಾಳವಾಗಿ ಸಾಕು. ಹೊರೆ ಇಳಿಸಿ ನೋಡಿದ ಮೇಲೂ ಯಂತ್ರ ಏಳದಿದ್ದರೆ ಆಗ ಹೊಸದರ ಮಾತು.