ಹೆಪ್ಪುಗಟ್ಟದ ರಕ್ತ

1916ನೆಯ ಇಸವಿಯ ಮಾತು. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇ ಮೆಕ್‌ಲೀನ್ ಎಂಬ ತರುಣನು ವೈದ್ಯ ವಿದ್ಯಾರ್ಥಿಯಾಗಿದ್ದನು. ತಾನೇ ದುಡಿದು ಹಣ ಕೂಡಿಸಿ ಓದಲು ಬಂದವನು. ಮೆದುಳಿನಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುವ ಸತ್ವವೊಂದುಂಟು. ಅದನ್ನು ಪರಿಶೀಲಿಸುವ ಕೆಲಸವನ್ನು ಪ್ರಾಧ್ಯಾಪಕ ವಿಲಿಯಂ ಹೊವೆಲ್ ಅವರು ಆತನಿಗೆ ವಹಿಸಿದರು.

ಆತನು ಹೃದಯ, ಯಕೃತ್ತುಗಳ ಸತ್ವವನ್ನೂ ತೆಗೆದು ನೋಡಿದನು. ಕೆಲಕಾಲ ಇಟ್ಟ ಯಕೃತ್ತಿನ ಸತ್ವವು ಹೆಪ್ಪುಗಟ್ಟಿಸುವ ಬದಲು ಹೆಪ್ಪನ್ನೇ ತಡೆಯಿತು! ಕೈತಪ್ಪೆಂದು ಚೆಲ್ಲಿಬಿಡಬಹುದಿತ್ತು. ಆತನು ಮತ್ತೆ ಮತ್ತೆ ಪರೀಕ್ಷಿಸಿದನು. ಗುರುಗಳು ನಂಬದಿರಲು, ಬೆಕ್ಕಿನ ರಕ್ತಕ್ಕೆ ಸತ್ವವನ್ನು ಬೆರೆಸಿ ಅವರ ಮೇಜಿನ ಮೇಲಿಟ್ಟು, ಹೆಪ್ಪುಗಟ್ಟಿದಾಗ ಕರೆಯಿರೆಂದು ಹೇಳಿ ಹೋದೆನೆಂದು ಆತನೇ ಮುಂದೆ ನೆನೆದಿದ್ದಾನೆ. ಆ ರಕ್ತ ಹೆಪ್ಪುಗಟ್ಟಲೇ ಇಲ್ಲ.

1918ರಲ್ಲಿ ಹೊವೆಲ್ ಅವರು ಎಮೆಟ್ ಹೋಲ್ಟ್ ಎಂಬ ಇನ್ನೊಬ್ಬ ವಿದ್ಯಾರ್ಥಿಯೊಡನೆ ಇಂಥ ವಸ್ತುವಿಗೆ ‘ಹೆಪಾರಿನ್’ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ‘ಹೆಪಾರ್’ ಎಂದರೆ ಯಕೃತ್ತು; ನಮ್ಮ ‘ಹೆಪ್ಪಿ’ಗೂ ಅದಕ್ಕೂ ನಂಟಿಲ್ಲ. 1930ರ ದಶಕದಲ್ಲಿ ಶುದ್ಧರೂಪದಲ್ಲಿ ರೋಗಿಗಳಿಗೆ ದೊರೆತ ಈ ಔಷಧವಿಲ್ಲದೆ ಇಂದು ಹೃದಯದ ಶಸ್ತ್ರಚಿಕಿತ್ಸೆಯೇ ಕಷ್ಟ.

ಮೆಕ್‌ಲೀನನು ಕಂಡದ್ದೂ ಮುಂದಿನ ಹೆಪಾರಿನ್ನೂ ಒಂದೇ ವಸ್ತುವಲ್ಲವೆಂದು ಬಲ್ಲವರು ವಾದಿಸುತ್ತಾರೆ. ಆಗಲಿ. ಕೇಳದ ಪ್ರಶ್ನೆಗೆ ದೊರೆತ ಉತ್ತರವನ್ನು ಆ ಹುಡುಗನು ಬಚ್ಚಿಡಲಿಲ್ಲ. ಗುರುಗಳೂ ಅದನ್ನು ತಳ್ಳಿಹಾಕಲಿಲ್ಲ. ಪಾಠ ಹೇಳುವ ನಮಗೂ ಇದು ಪಾಠವೇ.