ಪದ ಪರಿಚಯ: ಮಾವ

ಅಮ್ಮನ ತಮ್ಮನೂ ಮಾವ, ಹೆಂಡತಿಯ ಅಪ್ಪನೂ ಮಾವ. ಅಪ್ಪನ ಅಕ್ಕನೂ ಅತ್ತೆ, ಗಂಡನ ತಾಯಿಯೂ ಅತ್ತೆ. ಇದು ಪದಗಳ ಬಡತನವಲ್ಲ. ನೆಂಟರೊಳಗಿನ ಮದುವೆಯಿಂದ ಒಬ್ಬನೇ ಎರಡೂ ಆಗುತ್ತಿದ್ದ ಕಾಲದ ಲೆಕ್ಕಾಚಾರ. ತಮಿಳಿನ ಮಾಮನ್, ತೆಲುಗಿನ ಮಾಮ ಪದಗಳೂ ಹೀಗೇ ಎರಡು ಕಡೆ ಸಲ್ಲುತ್ತವೆ. ಗೊಂದಲವಾದೀತೆಂದು ಕನ್ನಡ ತಾಯಿಯ ಕಡೆಯವನಿಗೆ 'ಸೋದರ' ಸೇರಿಸಿತು. ಅದು ಸಂಸ್ಕೃತದ್ದು, ಒಂದೇ ಉದರದಲ್ಲಿ ಹುಟ್ಟಿದವನು ಎಂದರ್ಥ.

ಚಿಕ್ಕಪ್ಪ, ದೊಡ್ಡಮ್ಮ ಎಂಬಲ್ಲಿ ಅಪ್ಪ ಅಮ್ಮ ಅಡಗಿದ್ದಾರೆ; ಅವರ ಮಕ್ಕಳು ಅಣ್ಣ ತಂಗಿಯರು, ಮದುವೆಯ ಮಾತೇ ಇಲ್ಲ. ಮಾವನ ಮಗಳು ಮಾತ್ರ ತೊಟ್ಟಿಲಲ್ಲಿದ್ದಾಗಲೇ 'ನಮ್ಮ ಮನೆ ಸೊಸೆ'. ಹಲವು ಜಾತಿಗಳಲ್ಲಿ ಅಕ್ಕನ ಮಗಳ ಮೇಲೂ ಸೋದರಮಾವನಿಗೆ ಹಕ್ಕಿತ್ತು. ಆಸ್ತಿ ಹೊರಗೆ ಹೋಗಬಾರದೆಂಬ ಆಸೆಗೆ ಅಕ್ಕರೆಯ ಹೆಸರು! ಒಲ್ಲೆನೆಂದ ಹುಡುಗಿ ತಾಯಿಯನ್ನೂ ತಾಯಿಯ ತವರನ್ನೂ ಒಟ್ಟಿಗೇ ಎದುರು ಹಾಕಿಕೊಳ್ಳಬೇಕಿತ್ತು.

1955ರ ಹಿಂದೂ ವಿವಾಹ ಕಾಯ್ದೆ ಮಾವ-ಸೊಸೆಯ ಮದುವೆಯನ್ನು ನಿಷಿದ್ಧ ಸಂಬಂಧಗಳ ಪಟ್ಟಿಗೆ ಸೇರಿಸಿ, ರೂಢಿಯಿದ್ದವರಿಗೆ ವಿನಾಯಿತಿಯನ್ನೂ ಕೊಟ್ಟಿತು. ಇಲ್ಲಿ 'ಸೊಸೆ' ಎಂದರೆ ಅಕ್ಕನ ಮಗಳು. ಆ ಪದಕ್ಕೂ ಎರಡು ಅರ್ಥ.